ಕಣ್ಣಿಗೊತ್ತಿಕೊಂಡ ಬೆರಳು

ನೀಲಿ ಸೀರೆಯ ಆಯಾ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಹೋದಾಗ ಗವಿಸಿದ್ದೇಶನಿಗೆ ಗುರುತು ಹತ್ತಿತು. ಮುಖದಿಂದಲ್ಲ. ಮೂರು ವರ್ಷದ ಹಿಂದೆಯೂ ಆ ಮುಖವನ್ನು ಅವನು ನೆಟ್ಟಗೆ ನೋಡಿರಲಿಲ್ಲ. ರಿಜಿಸ್ಟರನ್ನು ಎದೆಗೆ ಅವಚಿಕೊಂಡಿದ್ದ ಬಲಗೈಯ ತೋರುಬೆರಳಿನ ಮೇಲೆ, ಎಂದೋ ಕುಡುಗೋಲು ತಾಗಿ ಅಡ್ಡಕ್ಕೆ ಬಿದ್ದಿದ್ದ ಬಿಳಿ ಗೆರೆಯಿಂದ ಗುರುತು ಹತ್ತಿತು. ಆ ಬೆರಳನ್ನು ಅವನು ಎಲ್ಲಿದ್ದರೂ ಕಂಡುಹಿಡಿಯುತ್ತಿದ್ದ. ಹರಪನಹಳ್ಳಿಯ ಈ ಕಣ್ಣಿನ ಆಸ್ಪತ್ರೆಗೆ ಪೊರೆ ತೆಗೆಸಿಕೊಂಡ ಅವ್ವನನ್ನು ಮರುತಪಾಸಣೆಗೆ ಕರೆತರುವುದು ಅವನಿಗೆ ಬೇಸರದ ಕೆಲಸವಾಗಿತ್ತೇ ಹೊರತು ಭಯದ ಕೆಲಸವಾಗಿರಲಿಲ್ಲ. ಬೆಳಿಗ್ಗೆ ಕೂಡ್ಲಿಗಿಯಲ್ಲಿ ಬಸ್ಸು ಹತ್ತುವಾಗ ಅವ್ವ ಬಸ್ಸಿನ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬಗ್ಗಿದಾಗ, ಬ್ಯಾಂಡೇಜಿನ ಕಣ್ಣಿಗೆ ಧೂಳು ಹತ್ತುತ್ತದೆ ಎಂದು ಗದರಿದ್ದ. ಹಿಂದೆ ನಿಂತವರು ನಕ್ಕಿದ್ದರು. ಅಷ್ಟು ಬಿಟ್ಟರೆ ದಿನ ಸರಿಯಾಗಿಯೇ ಶುರುವಾಗಿತ್ತು. ಈಗ ಅವನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಜೇಬಿನಲ್ಲಿ, ನರ್ಸಿಂಗ್ ಶಾಲೆ ನಡೆಸುವ ಟ್ರಸ್ಟಿನವರು ಅವನು ಮಾಡುವ ಪುಟಗಳನ್ನು ಪರೀಕ್ಷಿಸಲೆಂದು ಕೊಟ್ಟಿದ್ದ ಹೊಸ ಟಚ್ ಫೋನು ಬೆಚ್ಚಗಿತ್ತು.

ಬೆರಳಿಗೆ ಪರದೆಯ ಮೇಲೆ ಸುಮ್ಮನೆ ನಿಂತು ನೋಡುವುದು ಬರುವುದಿಲ್ಲ ಎಂಬುದು ಮೂರು ವರ್ಷದ ಹಿಂದೆ ಅವನಿಗೆ ಹೊಸ ಪಾಠ. ಮೌಸ್ ಹಿಡಿದು ಕೆಲಸ ಕಲಿತವನು ಅವನು. ಬಾಣದ ಗುರುತು ಗುಂಡಿಯ ಮೇಲೆ ಬಂದು ನಿಲ್ಲುತ್ತದೆ, ಗುಂಡಿ ಬಣ್ಣ ಬದಲಿಸುತ್ತದೆ, ಒತ್ತಬೇಕೋ ಬೇಡವೋ ಎಂದು ಯೋಚಿಸಲು ಮನುಷ್ಯನಿಗೆ ಒಂದು ಗಳಿಗೆ ಸಿಗುತ್ತದೆ. ಬೆರಳಿಗೆ ಆ ಗಳಿಗೆ ಇಲ್ಲ. ಮುಟ್ಟಿದರೆ ಮುಟ್ಟಿತು. ಕೂಡ್ಲಿಗಿಯ ತನ್ನ ಕಂಪ್ಯೂಟರ್ ಸೆಂಟರಿನಲ್ಲಿ ಕೂತು, ಟ್ರಸ್ಟಿನ ನರ್ಸಿಂಗ್ ಶಾಲೆಯ ಸೀಟು ಆಯ್ಕೆಗೆ ಅವನು ಪುಟಗಳನ್ನು ಮಾಡಿದ್ದು ಮೌಸಿನಿಂದ; ಅವು ಓಡಬೇಕಾಗಿದ್ದುದು ಐದು ಊರುಗಳ ಐದು ಟಚ್ ಮಷಿನ್ನುಗಳಲ್ಲಿ. ಒಂದೇ ಪುಟ, ಊರಿಗೊಂದು ರೋಗ. ಹಡಗಲಿಯಲ್ಲಿ ಒಮ್ಮೆ ಮುಟ್ಟಿದರೆ ಎರಡು ಸಲ ಮುಟ್ಟಿದ ಲೆಕ್ಕ. ಕೊಟ್ಟೂರಿನಲ್ಲಿ ಬೆರಳು ಸ್ವಲ್ಪ ತಡೆದರೆ ಬೇರೆಯದೇ ಪಟ್ಟಿ ತೆರೆದುಕೊಳ್ಳುತ್ತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಇಲ್ಲಿ ಮುಟ್ಟಿದರೆ ಎರಡು ಬೆರಳು ಆಚೆಗೆ ಒತ್ತುತ್ತಿತ್ತು. ಕೂಡ್ಲಿಗಿಯದೊಂದೇ ಹೇಳಿದ ಹಾಗೆ ಕೇಳಿತು, ಅದು ತನ್ನೂರು ಎಂಬ ಕಾರಣಕ್ಕೋ ಏನೋ ಎಂದು ಅವನು ಆಗ ತಮಾಷೆ ಮಾಡಿಕೊಂಡಿದ್ದ. ಹರಪನಹಳ್ಳಿಯದನ್ನು ಅಲ್ಲಿನ ಮೆಕ್ಯಾನಿಕ್ ರಹಿಮಾನ್ ಬಿಡಿಭಾಗ ತಂದು ಜೋಡಿಸಿದ್ದ, ಅದರಲ್ಲಿ ಬ್ರೌಸರೇ ಬೇರೆ. ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಅವನು ಒಂದೊಂದಕ್ಕೂ ತೇಪೆ ಹಾಕಿದ. ಮೂರು ಊರಿನ ತೇಪೆ ಮುಗಿದು ಹರಪನಹಳ್ಳಿಗೆ ಬರುವಷ್ಟರಲ್ಲಿ ಅವನಿಗೆ ಸಾಕಾಗಿ ಹೋಗಿತ್ತು.

‘ಸರ, ಇಲ್ಲೊಂದು ಐತಿ ನೋಡ್ರಿ,’ ಎಂದಿದ್ದ ರಹಿಮಾನ್. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಮಷಿನ್ನಿನ ಹಿಂದಿನಿಂದ ತಲೆ ಹೊರಗೆ ಹಾಕಿ. ‘ಸೀಟು ಬಿಟ್ಟುಕೊಡು ಅನ್ನೋ ಗುಂಡಿ ಒತ್ತಿದ್ರ, ಖಚಿತವೇ ಅಂತ ಕೇಳೋ ಡಬ್ಬಿ ನಿಮ್ಮ ಸಿಸ್ಟಂನಾಗ ಬರ್ತೈತಿ. ಇದ್ರಾಗ ಬರವಲ್ದು. ಕೇಳದೇನ ಹೂಂ ಅಂದುಕೊಂಡು ಮುಂದ ಹೋಗಿಬಿಡ್ತೈತಿ.’ ಪರದೆ ತುಂಬ ಒಂದೇ ಪುಟ ಕಾಣಬೇಕೆಂದು ಪುಟದ ಮೇಲೆ ಏಳುವ ಸಣ್ಣ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರಿಂದ ಆ ಪ್ರಶ್ನೆಯೂ ಒಳಗೇ ಉಳಿದುಹೋಗಿತ್ತು. ಸರಿಪಡಿಸಲು ಅರ್ಧ ದಿನ ಬೇಕು. ಉದ್ಘಾಟನೆ ಮರುದಿನ. ‘ಸೀಟು ಸಿಕ್ಕವರು ಯಾರು ಅದನ್ನ ಒತ್ತಾಕ ಹೋಗ್ತಾರೋ ಮಾರಾಯಾ,’ ಎಂದಿದ್ದ ಗವಿಸಿದ್ದೇಶ್. ರಹಿಮಾನ್ ಒಂದು ಕ್ಷಣ ಅವನನ್ನೇ ನೋಡಿ, ‘ನಿಮ್ಮಿಷ್ಟ ಸರ,’ ಎಂದು ಮತ್ತೆ ಮಷಿನ್ನಿನ ಹಿಂದಕ್ಕೆ ಸರಿದ. ಆ ‘ನಿಮ್ಮಿಷ್ಟ’ವನ್ನು ಅವನು ಈ ಮೂರು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದಾನೋ. ಸ್ನಾನ ಮಾಡುವಾಗ, ಉಣ್ಣುವಾಗ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ.

‘ಗವಿ, ನಮ್ಮ ನಂಬರ್ ಬಂತೇನೋ?’ ಪಕ್ಕದಲ್ಲಿದ್ದ ಅವ್ವ ನಾಗಲಿಂಗಮ್ಮ ಅವನ ತೋಳು ಹುಡುಕಿ ಹಿಡಿದಳು. ‘ಇನ್ನೂ ಐತವ್ವ, ಸುಮ್ಮನ ಕೂಡು.’ ಅವ್ವನ ಬೆರಳುಗಳು ಒರಟಾಗಿದ್ದವು. ಇದೇ ಬೆರಳುಗಳು ಅವನು ಮೊದಲ ಕಂಪ್ಯೂಟರ್ ತಂದ ದಿನ ಪೆಟ್ಟಿಗೆಯಿಂದ ಹೊರತೆಗೆದ ಪರದೆಯನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಿದ್ದವು. ಮಾರಲು ಬಂದಿದ್ದ ಬಳ್ಳಾರಿಯ ಟೈ ಕಟ್ಟಿದ ಹುಡುಗ ನೋಡುತ್ತಿದ್ದ. ‘ಮುಟ್ಟಬ್ಯಾಡಬೇ, ಕೆಡ್ತೈತಿ,’ ಎಂದು ಇವನು ಕೂಗಿದ್ದ. ಗಾಜಿನ ಮೇಲೆ ವಿಭೂತಿಯ ಮೂರು ಗೆರೆ ಮೂಡಿತ್ತು, ಅದನ್ನು ಕರ್ಚೀಫಿನಿಂದ ಒರೆಸಿದ್ದ. ಇವರೆಲ್ಲ ಹೀಗೇ. ತಕ್ಕಡಿ, ಪುಸ್ತಕ, ಹೊಸ ಸೈಕಲ್ಲು, ಬೋಣಿ ಕೊಟ್ಟ ಗಿರಾಕಿಯ ನೋಟು, ಒಳ್ಳೆಯದು ಮಾಡುವುದನ್ನೆಲ್ಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು. ಇದು ಅವನಿಗೆ ಗೊತ್ತಿರಲಿಲ್ಲವೇ? ಇದರಲ್ಲೇ ಹುಟ್ಟಿ ಬೆಳೆದವನಿಗೆ? ಕಾಸಿನಗಲದ ಗುಂಡಿಗಳನ್ನು ಮಾಡುವಾಗ ಗಿಡ್ಡ ಬೆರಳು, ದಪ್ಪ ಬೆರಳು, ಬೆವರಿದ ಬೆರಳು ಎಲ್ಲದರ ಲೆಕ್ಕ ಹಿಡಿದಿದ್ದ. ಅವ್ವನ ಬೆರಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಚಿಕೆಪಟ್ಟದ್ದನ್ನು ಮನುಷ್ಯ ಮೊದಲು ಮರೆಯುತ್ತಾನೆ.

ಆ ಆಯಾ ಚಿಗಟೇರಿಯ ಮೈಲಪ್ಪನ ಮಗಳು ಸುಕನ್ಯಾ. ಆ ದಿನ ಅವಳು ಹಸಿರು ಲಂಗ ದಾವಣಿಯಲ್ಲಿದ್ದಳು. ಸೀಟು ಆಯ್ಕೆಯ ಮೊದಲ ದಿನ, ಬೆಳಗಿನ ಹನ್ನೊಂದೂವರೆ. ಹೊಸ ಮಷಿನ್ನಿಗೆ ಹೂವಿನ ಹಾರ ಹಾಕಿತ್ತು. ಗವಿಸಿದ್ದೇಶ್ ಹರಪನಹಳ್ಳಿಯ ಟ್ರಸ್ಟ್ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಅವಳು ಹೆಸರು ಒತ್ತಿದಳು, ನಂಬರು ಒತ್ತಿದಳು, ಒಂದೊಂದು ಗುಂಡಿಗೂ ಉಸಿರು ಹಿಡಿದು ಬಿಡುತ್ತಿದ್ದಳು. ‘ಸುಕನ್ಯಾ ಎಂ., ನಿಮ್ಮ ಸೀಟು ಖಾತ್ರಿಯಾಗಿದೆ’ ಎಂದು ಹಸಿರು ಅಕ್ಷರಗಳು ಬಂದವು. ಹಿಂದೆ ನಿಂತಿದ್ದ ಮೈಲಪ್ಪ ‘ಬಂತಾ? ಬಂತಾ?’ ಎಂದ. ಅವಳು ಬಲಗೈಯ ಬೆರಳುಗಳನ್ನು ಪರದೆಯ ಕೆಳಭಾಗಕ್ಕೆ ತಾಗಿಸಿ ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಪರದೆ ಬದಲಾಗಿ ‘ಧನ್ಯವಾದಗಳು’ ಎಂದು ಬಂತು. ಅವಳು ನಕ್ಕಳು. ‘ನೋಡಪ್ಪಾ, ಮಷಿನ್ನೂ ಧನ್ಯವಾದ ಅಂತು.’ ಅಪ್ಪ ಮಗಳು ಮೆಟ್ಟಿಲಿಳಿದು ಹೋದರು. ಧನ್ಯವಾದದ ಪುಟವನ್ನು ಗವಿಸಿದ್ದೇಶ್ ಒಂದೇ ಕಡೆ ಇಟ್ಟಿದ್ದ. ಸೀಟು ಬಿಟ್ಟುಕೊಟ್ಟವರಿಗೆ ಮಾತ್ರ ಅದು ಬರುತ್ತಿತ್ತು.

ಅವನಿಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ಆಮೇಲೆ ಗೊತ್ತಾಯಿತು, ಯೋಚಿಸಿದಾಗ ಹೊಳೆಯಿತು ಎಂದೆಲ್ಲ ತನಗೆ ತಾನೇ ಹೇಳಿಕೊಂಡು ನೋಡಿದ್ದಾನೆ, ಯಾವುದೂ ನಿಲ್ಲುವುದಿಲ್ಲ.  ಹತ್ತು ಹೆಜ್ಜೆ ಹೋಗಿ ಅವರನ್ನು ಕೂಗಿದ್ದರೆ, ಕೀಬೋರ್ಡಿನ ಮುಂದೆ ಎರಡು ನಿಮಿಷ ಕೂತಿದ್ದರೆ ಸರಿಹೋಗುತ್ತಿತ್ತು. ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ ಮಂಜಣ್ಣ ಒಳಗಿನಿಂದ, ‘ಗವಿಸಿದ್ದೇಶ್, ಬರ್ರಿ ಬರ್ರಿ, ಫೋಟೊಕ್ಕ ನೀವೂ ನಿಲ್ರಿ,’ ಎಂದು ಕರೆದರು. ಅವನು ಹೋದ. ಶಾಲು ಹೊದಿಸಿದರು. ಶಾಲಿನ ಒಳಗೆ ಬೆವರುತ್ತ, ಬಹುಶಃ ಅವಳು ಮುದ್ರಣದ ಗುಂಡಿ ಒತ್ತಿರಬೇಕು, ಆಮೇಲೆ ನೋಡಿದರಾಯಿತು ಎಂದುಕೊಂಡ. ಆಮೇಲೆ ನೋಡಿದಾಗ, ಬಿಟ್ಟುಕೊಟ್ಟ ಸೀಟು ಪಟ್ಟಿಯಲ್ಲಿ ಅವಳ ನಂತರವಿದ್ದ ಹುಡುಗಿಗೆ ಹಡಗಲಿಯಲ್ಲಿ ಸಿಕ್ಕಾಗಿತ್ತು, ಅವಳು ಚೀಟಿ ಹರಿದುಕೊಂಡು ಮನೆಗೂ ಹೋಗಿದ್ದಳು. ಪುಟವನ್ನು ಅವನು ಹಾಗೆ ಬರೆದಿದ್ದ, ಒಂದು ಗಳಿಗೆಯೂ ತಡವಾಗದ ಹಾಗೆ. ಅದಕ್ಕೆ ಮಂಜಣ್ಣ ಭಾಷಣದಲ್ಲಿ ಅವನನ್ನು ಹೊಗಳಿದ್ದರು ಕೂಡ.

ನಾಲ್ಕು ದಿನ ಬಿಟ್ಟು ಮೈಲಪ್ಪ ಮಗಳನ್ನು ಕರೆದುಕೊಂಡು, ಅವಳ ಟ್ರಂಕು, ಬಕೀಟು, ಹಾಸಿಗೆ ಸುರುಳಿ ಹೊತ್ತು ಟ್ರಸ್ಟ್ ಆಫೀಸಿಗೆ ಬಂದ. ಹೆಸರು ಪಟ್ಟಿಯಲ್ಲಿರಲಿಲ್ಲ. ‘ನನ್ನ ಮಗಳು ಹಂಗ ಒತ್ತಾಕಿ ಅಲ್ರಿ,’ ಎಂದು ಅವನು ಕೈಮುಗಿದು ನಿಂತಿದ್ದ. ಮಂಜಣ್ಣ ಗವಿಸಿದ್ದೇಶನನ್ನು ಕರೆಸಿದರು. ‘ಮಷಿನ್ನಿಂದೇನರ ತಪ್ಪೈತೇನ್ರಿ?’ ಎಲ್ಲರೂ ಅವನ ಕಡೆ ನೋಡಿದರು: ಗುಮಾಸ್ತರು, ಪ್ರವೇಶಕ್ಕೆ ಬಂದ ಹುಡುಗಿಯರು, ಅವರ ಅಪ್ಪ ಅವ್ವಂದಿರು. ಅವನು ದಾಖಲೆ ತೆಗೆದು ಓದಿದ. ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಸುಕನ್ಯಾ ಎಂ., ಸೀಟು ಬಿಟ್ಟುಕೊಡು, ಒತ್ತಲಾಗಿದೆ. ‘ಮಷಿನ್ನಿಂದೇನಿಲ್ರಿ. ಅವರೇ ಒತ್ಯಾರ.’ ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅವನನ್ನು ತಿನ್ನುವುದು. ಸುಳ್ಳಾಗಿದ್ದರೆ ಎಂದಾದರೂ ಒಂದು ದಿನ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಮೈಲಪ್ಪ ಮೆಲ್ಲಗೆ ಮಗಳ ಕಡೆ ತಿರುಗಿದ. ಬೈಯಲಿಲ್ಲ. ಅವಳ ಬಲಗೈಯನ್ನು ನೋಡಿದ, ಅಷ್ಟೇ. ಅವಳು ಆ ಕೈಯನ್ನು ದಾವಣಿಯ ಸೆರಗಿನೊಳಗೆ ಎಳೆದುಕೊಂಡಳು. ಮರುದಿನ ಗವಿಸಿದ್ದೇಶ್ ಯಾರಿಗೂ ಹೇಳದೆ, ಪರದೆಯ ಕೆಳಗಿದ್ದ ಆ ಬಿಟ್ಟುಕೊಡುವ ಗುಂಡಿಯನ್ನು ಮೇಲಿನ ಮೂಲೆಗೆ ಸರಿಸಿದ, ಖಚಿತವೇ ಎಂಬ ಪ್ರಶ್ನೆಗೆ ಒಂದು ಇಡೀ ಪುಟವನ್ನೇ ಕೊಟ್ಟ. ಅರ್ಧ ದಿನವೂ ಹಿಡಿಯಲಿಲ್ಲ.

‘ನಾಗಲಿಂಗಮ್ಮ, ಕೂಡ್ಲಿಗಿ,’ ಎಂದು ಆಯಾ ಕೂಗಿದಳು. ಅವ್ವ ಎದ್ದಳು. ಅವನೂ ಏಳಬೇಕಾಯಿತು. ಸುಕನ್ಯಾ ಅವನ ಮುಖ ನೋಡಿ, ‘ನೀವು ಮಷಿನ್ ಸರ ಅಲ್ಲೇನ್ರಿ?’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದೊಡ್ಡವರನ್ನು ಕಂಡ ಗೌರವವಿತ್ತು. ಅವನು ತಲೆಯಾಡಿಸಿದ. ‘ಬರ್ರಿ ಅಮ್ಮಾ, ಮೆಟ್ಟಿಲದಾವ, ಹುಷಾರು,’ ಎಂದು ಅವಳು ಎಡಗೈಯಿಂದ ಅವ್ವನ ರಟ್ಟೆ ಹಿಡಿದಳು. ಒಳಗೆ ಡಾಕ್ಟರು ಬ್ಯಾಂಡೇಜು ಬಿಚ್ಚಿ, ಅವ್ವನ ಗದ್ದವನ್ನು ದೀಪದ ಮಷಿನ್ನಿನ ಪಟ್ಟಿಯ ಮೇಲೆ ಇಡಿಸಿ, ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, ಚೆನ್ನಾಗಿ ಆಗಿದೆ ಎಂದರು. ಅವ್ವನಿಗೆ ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಕಿಗಳು ಕಂಡವು. ‘ಹತ್ತೊಂಬತ್ತು! ಹತ್ತೊಂಬತ್ತು ಕಾಣಾಕತ್ತೈತಲ್ಲೋ ಗವಿ!’ ಎಂದು ಮಗುವಿನಂತೆ ಕೂಗಿ, ಕೈ ಚಾಚಿ ಮಷಿನ್ನಿನ ಗಾಜನ್ನು ಮುಟ್ಟಲು ಹೋದಳು. ಸುಕನ್ಯಾ ಓಡಿಬಂದು ಅವಳ ಕೈಯನ್ನು ಗಾಳಿಯಲ್ಲೇ ಹಿಡಿದಳು. ‘ಮುಟ್ಟಬ್ಯಾಡ್ರಿ!’ ಡಾಕ್ಟರೂ ತಲೆಯೆತ್ತಿದರು. ಅವಳು ದನಿ ಇಳಿಸಿ, ‘ಮಷಿನ್ನಿಗೆ ಕೈಮುಗೀಬಾರ್ದು ಅಮ್ಮಾ. ಒಳ್ಳೇದಾದದ್ದೆಲ್ಲ ಹೋಗಿಬಿಡ್ತೈತಿ,’ ಎಂದಳು.

ಹೊರಗಿನ ಬೆಂಚಿನ ಮೇಲೆ ಅವ್ವನನ್ನು ಕೂರಿಸಿ, ಔಷಧಿ ಚೀಟಿ ತರುವ ನೆಪದಲ್ಲಿ ಅವನು ಮೊಗಸಾಲೆಯ ತುದಿಗೆ ಬಂದ. ಸುಕನ್ಯಾ ಅಲ್ಲಿ ಮುಂದಿನ ಚೀಟಿಗಳನ್ನು ಜೋಡಿಸುತ್ತಿದ್ದಳು. ಅವನು ಹೇಳಬಾರದು ಎಂದುಕೊಳ್ಳುತ್ತಲೇ ಹೇಳಿದ.

‘ಅವತ್ತು ತಪ್ಪು ನಿಂದಲ್ಲ ತಂಗಿ.’

‘ಯಾವತ್ತು ಸರ?’

‘ಸೀಟಿನ ದಿನ. ನೀನು ಒತ್ತಲಿಲ್ಲ, ಮಷಿನ್ನಿಗೆ ನಮಸ್ಕಾರ ಮಾಡಿದಿ. ನಾನು ನೋಡೀನಿ. ಆ ಗುಂಡಿ ಅಲ್ಲಿ ಇಟ್ಟಾಂವ ನಾನು. ಅದು ಖಚಿತವೇ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಕೇಳಂಗಿಲ್ಲ ಅಂತ ನನಗ ಮೊದಲೇ ಗೊತ್ತಿತ್ತು.’

ಅವಳು ಚೀಟಿ ಜೋಡಿಸುವುದನ್ನು ನಿಲ್ಲಿಸಿದಳು. ‘ಅವತ್ತೇ ಗೊತ್ತಿತ್ತೇನ್ರಿ?’

‘ಅವತ್ತೇ ಗೊತ್ತಿತ್ತು.’

ಬೈಗುಳ ಬರಲಿ ಎಂದು ಅವನು ಕಾದ. ಬೇಕೆಂದೇ ಕಾದ. ನಾಲ್ಕು ಜನರ ಮುಂದೆ ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರದೋ ಕೈ ನೋಡಿದಂತೆ. ‘ಹಂಗಾರ ಇದ್ರದು ಅಲ್ಲೇನ್ರಿ,’ ಎಂದಳು. ಆಮೇಲೆ ಮಾತು ತಡೆದು ತಡೆದು ಬಂತು. ‘ನಮ್ಮಪ್ಪ ಈ ಕೈಯಿಂದ ನೀರು ಇಸಗೊಳ್ಳಂಗಿಲ್ರಿ. ಬಂದದ್ದನ್ನ ಬ್ಯಾಡ ಅಂತ ಒತ್ತಿದ ಕೈ ಅಂತಾನ. ಬಿತ್ತೋ ಮುಂದ ಬೀಜ ಮುಟ್ಟಾಕ ಬಿಡಂಗಿಲ್ಲ. ತಂಗಿ ಮದುವ್ಯಾಗ ಅಕ್ಕಿಕಾಳು ಹಾಕಾಕೂ ಬಿಡ್ಲಿಲ್ಲ. ನಾನೂ ಹಂಗ ಅಂದುಕೊಂಡೀನ್ರಿ. ಇಲ್ಲಿ ಹಸುಗೂಸು ಬಂದ್ರ ಎತ್ತಿಕೊಳ್ಳಂಗಿಲ್ಲ ನಾನು.’ ಅವಳ ಕಣ್ಣು ಅವನ ಮುಖವನ್ನು ಬಿಡಲಿಲ್ಲ. ‘ಸೀಟು ಹೋತು, ಹೋಗ್ಲಿ ಬಿಡ್ರಿ. ಇದೊಂದು ಮಾತು ನಮ್ಮಪ್ಪಗ ಹೇಳ್ರಿ ಸರ. ನೀವು ಹೇಳಿದ್ರ ನಂಬ್ತಾನ. ಅವತ್ತೂ ನಿಮ್ಮ ಮಾತು ನಂಬ್ಯಾನ.’

‘ಹೇಳ್ತೀನಿ,’ ಎಂದ. ‘ಒಂದಿನ ಊರಿಗೆ ಬಂದು—’

‘ಈಗ ಅಪ್ಪನ ಹತ್ರ ಮೊಬೈಲ್ ಐತ್ರಿ. ನಾನು ಮಾಡಿದ್ರ ಎತ್ತಂಗಿಲ್ಲ. ನಿಮ್ಮದ್ರಿಂದ ಮಾಡ್ರಿ.’

ಅವನು ಫೋನು ಹೊರತೆಗೆದ. ಅವಳು ಒಂದೊಂದೇ ಅಂಕಿ ಹೇಳಿದಳು, ಅವನು ಗಾಜಿನ ಮೇಲೆ ಒಂದೊಂದೇ ಒತ್ತಿದ. ಬಾಯಿಪಾಠ ಮಾಡಿಕೊಂಡ ಹತ್ತು ಅಂಕಿ, ಎಷ್ಟು ಸಲ ಮಾಡಿ ಮಾಡಿ ಸೋತಿದ್ದಳೋ. ರಿಂಗ್ ಹೋಗತೊಡಗಿತು. ಎರಡು ವಾರದ ಹಿಂದೆ ಇದೇ ಫೋನನ್ನು ಕೈಗಿಡುತ್ತ ಮಂಜಣ್ಣ, ‘ಈ ಸಲ ಫೋನಿನ್ಯಾಗೂ ಬರಬೇಕು, ಮಷಿನ್ನಿನ್ಯಾಗೂ ಬರಬೇಕು, ಯಾವ ಬ್ರೌಸರಿದ್ರೂ ನಡೀಬೇಕು ನೋಡ್ರಿ. ಹಿಂದಿನ ಸಲ ನಿಮ್ಮದ್ರಾಗ ಒಂದೂ ತಪ್ಪು ಬರ್ಲಿಲ್ಲ, ಅದಕ್ಕ ನಿಮಗ ಕೊಡಾಕತ್ತೀವಿ,’ ಎಂದಿದ್ದರು. ಒಂದೂ ತಪ್ಪು ಬರಲಿಲ್ಲ. ಮೈಲಪ್ಪನಿಗೆ ಹೇಳಿದರೆ ಅವನು ಸುಮ್ಮನಿರುತ್ತಾನೆಯೇ, ನಾಳೆ ಟ್ರಸ್ಟಿನ ಮೆಟ್ಟಿಲು ಹತ್ತುತ್ತಾನೆ. ಅದೇ ಕೋಣೆ, ಅದೇ ಗುಮಾಸ್ತರು, ಎಲ್ಲರ ಕಣ್ಣೂ ಈ ಸಲ ತನ್ನ ಕೈಯ ಮೇಲೆ. ರಹಿಮಾನನನ್ನು ಕರೆಸುತ್ತಾರೆ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ. ಹೇಳಬೇಕು ಎಂದು ಅವನ ಮನಸ್ಸು ಅನ್ನುತ್ತಲೇ ಇತ್ತು, ಈಗ ಬೇಡ, ಒಂದು ಸಲ ಯೋಚಿಸಿ ಆಮೇಲೆ ಎಂದೂ ಅನ್ನುತ್ತಿತ್ತು.

‘ಹಲೋ, ಯಾರ್ರಿ?’ ಎಂದಿತು ಮೈಲಪ್ಪನ ದನಿ. ಹಿಂದೆ ಎಲ್ಲೋ ಕುರಿ ಕೂಗುತ್ತಿತ್ತು. ಸುಕನ್ಯಾ ಉಸಿರು ಹಿಡಿದಳು, ಅವತ್ತು ಒಂದೊಂದು ಗುಂಡಿಗೆ ಹಿಡಿದ ಹಾಗೆ. ‘ಹಲೋ? ಯಾರು ಮಾತಾಡೋದು?’

ಗವಿಸಿದ್ದೇಶನ ಹೆಬ್ಬೆರಳು ಗಾಜಿನ ಮೇಲಿನ ಕೆಂಪು ಗುರುತಿಗೆ ಹೋಯಿತು. ಅವನೇ ಅದನ್ನು ನೋಡಿದ, ಹೋಗುತ್ತಿರುವುದನ್ನು. ಒತ್ತಿತು. ದನಿ ನಿಂತಿತು.

ಸುಕನ್ಯಾ ಫೋನನ್ನು ನೋಡಿದಳು, ಆಮೇಲೆ ಅವನನ್ನು. ‘ಕೈ ತಪ್ಪಿ ಒತ್ತಿದ್ರೇನ್ರಿ ಸರ?’

ಆ ಮಾತಿನಲ್ಲಿ ವ್ಯಂಗ್ಯ ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಕೈಗೆ ಹಾಗೆ ಆಗುತ್ತದೆ ಎಂಬುದನ್ನು ಆ ಊರಿನಲ್ಲಿ ಅವಳಷ್ಟು ತಿಳಿದವರು ಯಾರೂ ಇರಲಿಲ್ಲ. ಅಂದು ಆ ಕೋಣೆಯಲ್ಲಿ ಯಾರೂ ಅವಳನ್ನು ಕೇಳದ ಪ್ರಶ್ನೆ ಇದು.

‘ಹೂಂ,’ ಎಂದ. ‘ಕೈ ತಪ್ಪಿತು.’

‘ಆಗ್ತೈತಿ ಬಿಡ್ರಿ. ಇನ್ನೊಂದು ಸಲ ಮಾಡ್ರಿ.’

ಅವನು ಮಾಡುವ ಮೊದಲೇ ಫೋನು ಅವನ ಅಂಗೈಯಲ್ಲಿ ನಡುಗಿ ಹಾಡತೊಡಗಿತು. ಅದೇ ಹತ್ತು ಅಂಕಿ. ಮೈಲಪ್ಪ ತಾನೇ ವಾಪಸು ಮಾಡಿದ್ದ. ಸುಕನ್ಯಾಳ ಮುಖ ಅರಳಿತು. ಆ ಮುಖವನ್ನು ಅವನು ಪೂರ್ತಿ ನೋಡಿದ್ದು ಈಗಲೇ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಅದು ತೊಡೆಗೆ ತಾಗಿ ಹಾಡುತ್ತಲೇ ಇತ್ತು. ಅವನು ತಿರುಗಿ ಬೆಂಚಿನ ಕಡೆ ನಡೆದ. 

‘ಯಾರ ಫೋನೋ, ಒಂದೇ ಸಮ ಬಡಕೋತೈತಿ. ಎತ್ತಬಾರದೇನು?’ ಎಂದಳು ಅವ್ವ, ಹೊಸ ಕಣ್ಣಿನಿಂದ ಅವನನ್ನೇ ನೋಡುತ್ತ.

‘ರಾಂಗ್ ನಂಬರ್ ಅವ್ವ,’ ಎಂದ, ಮೊಗಸಾಲೆಯ ತುದಿಗೂ ಕೇಳುವಷ್ಟು ಜೋರಾಗಿ. ಅಷ್ಟು ಜೋರಾಗಿ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ.

ಫೋನು ಹಾಡಿ ಹಾಡಿ ನಿಂತಿತು. ಸುಕನ್ಯಾ ಇನ್ನೂ ಅಲ್ಲೇ ನಿಂತಿದ್ದಳು. ಅವಳ ಬಲಗೈ ಮೆಲ್ಲಗೆ ಸೆರಗಿನೊಳಗೆ ಹೋಯಿತು. ಆಮೇಲೆ ರಿಜಿಸ್ಟರ್ ನೋಡಿ ಮುಂದಿನವರ ಹೆಸರು ಕೂಗಿ, ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಹೋದಳು.